ಭಾನುವಾರದ ಕಾಫಿ ಕೂಟದಲ್ಲಿ ಕಂಪ್ಯೂಟರಿನ ಮಾತು ಮಾತ್ರ ಇರಲಿ, ರಾಜಕೀಯ ಬೇಡ ಎಂಬ ನಿಯಮ ನಡೆಯುತ್ತದೆಯೇ?

ಪ್ರಶ್ನೆ — ಮೈಸೂರಿನ ಹವ್ಯಾಸಿ

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಾವು ಏಳೆಂಟು ಮಂದಿ ಗೆಳೆಯರು ಸುಮಾರು ಆರು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಸೇರುತ್ತಿದ್ದೇವೆ. ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ಸರಿಪಡಿಸುವುದು, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರಿಗೆ ಏನಾದರೊಂದು ಕೆಲಸ ಹಚ್ಚುವುದು, ವಿಂಡೋಸ್‌ಗೆ ಬದಲಾಗಿ ಬಳಸುವ ಮುಕ್ತ ವ್ಯವಸ್ಥೆಯಾದ ಲಿನಕ್ಸ್‌ನ ಹೊಸ ಆವೃತ್ತಿಗಳನ್ನು ಹಾಕಿ ನೋಡುವುದು ನಮ್ಮ ಹವ್ಯಾಸ. ಯಾರ ಮನೆಯಲ್ಲಿ ಸೇರುತ್ತೇವೆಯೋ ಅವರು ಹಿತ್ತಾಳೆಯ ಫಿಲ್ಟರಿನಲ್ಲಿ ಗಟ್ಟಿ ಡಿಕಾಕ್ಷನ್ ಇಳಿಸಿರಬೇಕು ಎಂಬುದೊಂದೇ ಮೊದಲಿನಿಂದ ಇದ್ದ ಕಟ್ಟಳೆ. ಎರಡು ತಿಂಗಳ ಹಿಂದೆ ಇಬ್ಬರು ಹಿರಿಯ ಸದಸ್ಯರ ನಡುವೆ ಪಕ್ಷಗಳ ವಿಷಯವಾಗಿ ಮಾತಿಗೆ ಮಾತು ಬೆಳೆದು, ಒಬ್ಬರು ಅರ್ಧ ಕುಡಿದ ಲೋಟವನ್ನು ಅಲ್ಲೇ ಇಟ್ಟು ಎದ್ದು ಹೋದರು. ಆ ಬೇಸರದಲ್ಲಿ ಎರಡನೆಯ ಕಟ್ಟಳೆಯೂ ಬಂತು: ಕೂಟದಲ್ಲಿ ರಾಜಕೀಯ ಬೇಡ.

ನಾನೂ ಅದಕ್ಕೆ ಒಪ್ಪಿ ಕೈ ಎತ್ತಿದವನೇ. ಆದರೆ ಅದಾದ ಮೇಲಿನ ಮೂರು ಭಾನುವಾರಗಳಲ್ಲಿ ನಡೆದದ್ದನ್ನು ನೋಡಿದಾಗ ಈ ನಿಯಮವನ್ನು ಪ್ರಾಮಾಣಿಕವಾಗಿ ಪಾಲಿಸಲು ಸಾಧ್ಯವೇ ಎಂಬ ಅನುಮಾನ ನನ್ನನ್ನು ಬಿಡದೆ ಕಾಡುತ್ತಿದೆ.

ಮೊದಲನೆಯ ವಾರ ಬಂದದ್ದು ನೆರೆಮನೆಯ ಹುಡುಗಿಯ ಲ್ಯಾಪ್‌ಟಾಪ್. ಇಂಟೆಲ್‌ನ ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಕೀಲಿಮಣೆ, ಪರದೆ ಎರಡೂ ಚೆನ್ನಾಗಿವೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಕೇಳುವ ಟಿಪಿಎಂ 2.0 ಎಂಬ ಭದ್ರತಾ ಘಟಕವಾಗಲಿ, ಎಂಟನೆಯ ಅಥವಾ ಅದಕ್ಕಿಂತ ಈಚಿನ ತಲೆಮಾರಿನ ಪ್ರೊಸೆಸರ್ ಆಗಲಿ ಇದರಲ್ಲಿಲ್ಲ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, ಲಿನಕ್ಸ್ ಮಿಂಟ್ ಹಾಕಿ ಕೊಟ್ಟೆವು. ಈಗ ಅದು ನಿಮಿಷದೊಳಗೆ ಎದ್ದು ನಿಲ್ಲುತ್ತದೆ. ಇದು ಶುದ್ಧ ತಂತ್ರಜ್ಞಾನದ ಮಾತು ಎಂದುಕೊಂಡೆವು. ಅಷ್ಟರಲ್ಲಿ ಆಕೆ, "ನಮ್ಮ ಶಾಲೆಯಲ್ಲಿಯೂ ಇದನ್ನೇ ಏಕೆ ಹಾಕುವುದಿಲ್ಲ?" ಎಂದು ಕೇಳಿದಳು. ಶಾಲೆಯಲ್ಲಿ ಯಾವ ತಂತ್ರಾಂಶ ಇರಬೇಕೆಂಬುದನ್ನು ಸರ್ಕಾರ ತೀರ್ಮಾನಿಸುತ್ತದೆ. ಅದಕ್ಕೆ ಉತ್ತರ ಹೇಳಿದರೆ ನಿಯಮ ಮುರಿದಂತಾಗುತ್ತದೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂದು ಮಗು ಕೇಳಿದ ನ್ಯಾಯವಾದ ಪ್ರಶ್ನೆಗೆ ಏಳು ಜನ ದೊಡ್ಡವರು ಬಾಯಿ ಕಟ್ಟಿಕೊಂಡು ಕುಳಿತದ್ದು ನನಗೆ ಸರಿಯೆನಿಸಲಿಲ್ಲ.

ಎರಡನೆಯ ವಾರ ನಾನೇ ನನ್ನ ತಂದೆಯವರ ಬರಹಗಳನ್ನು ಒಯ್ದಿದ್ದೆ. ಅವರು ನಿವೃತ್ತರಾದ ಮೇಲೆ ನಮ್ಮೂರಿನ ಕೆರೆಕಟ್ಟೆಗಳ ಬಗ್ಗೆ ನೂರಾರು ಪುಟಗಳನ್ನು ಕನ್ನಡದಲ್ಲಿ ಟೈಪ್ ಮಾಡಿಟ್ಟು ಹೋದರು. ಯೂನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಜಾಗತಿಕ ಕ್ರಮಕ್ಕೆ) ಮೊದಲಿನ ಅಕ್ಷರಶೈಲಿಯಲ್ಲಿ ಟೈಪ್ ಮಾಡಿರುವುದರಿಂದ ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಅವರ ಹೆಸರನ್ನು ಅವರದೇ ಬರಹದಲ್ಲಿ ಹುಡುಕಿದರೂ ಸಿಗುವುದಿಲ್ಲ. ನಿಯಮದ ಪ್ರಶ್ನೆ ಹಾಗಿರಲಿ, ಈ ಕಡತಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನೂ ಇಲ್ಲಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಮೂರನೆಯ ವಾರದ ಚರ್ಚೆ ಕಾಫಿಪುಡಿಯ ಪೊಟ್ಟಣದಿಂದ ಎದ್ದಿತು. ನಮ್ಮಲ್ಲಿ ಕೆಲವರಿಗೆ ಅಪ್ಪಟ ಕಾಫಿ ಬೇಕು, ಕೆಲವರಿಗೆ 80ಕ್ಕೆ 20ರಂತೆ ಚಿಕೋರಿ ಬೆರೆತ, ನೊರೆಯ ಕೆಳಗೆ ಕಪ್ಪಗೆ ನಿಲ್ಲುವ ಡಿಕಾಕ್ಷನ್ನೇ ಬೇಕು. ನಾನು ಎರಡನೆಯ ಗುಂಪಿನವನು. ಮಿಶ್ರಣದಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು ಎಂದು ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ಹಾಗೆ ಮುದ್ರಿಸಿರುವುದರಿಂದಲೇ ಚಿಕೋರಿಯನ್ನು ನಾನು ತಿಳಿದು, ಇಷ್ಟಪಟ್ಟು ಕುಡಿಯುತ್ತೇನೆ. ಕುಡಿಯುವ ಪುಡಿಯಲ್ಲಿ ಏನು ಎಷ್ಟಿದೆ ಎಂದು ತಿಳಿಯುವ ಹಕ್ಕನ್ನು ಕಾನೂನು ಕೊಟ್ಟಿರುವಾಗ, ಮಕ್ಕಳ ಓದು, ಜನರ ಜಮೀನಿನ ಲೆಕ್ಕ, ಆಸ್ಪತ್ರೆಯ ಚೀಟಿ ಎಲ್ಲವನ್ನೂ ನಡೆಸುವ ತಂತ್ರಾಂಶದೊಳಗೆ ಏನಿದೆ ಎಂದು ಕೇಳುವುದು ಹೇಗೆ ತಪ್ಪಾಗುತ್ತದೆ? ಇದನ್ನು ಹೇಳುತ್ತಿದ್ದಂತೆ ಒಬ್ಬ ಗೆಳೆಯರು, "ಇದು ರಾಜಕೀಯ, ನಿಲ್ಲಿಸಿ" ಎಂದರು.

ನಿಮ್ಮ ಊರುಗಳಲ್ಲಿ ಇಂಥ ಕೂಟ ನಡೆಸುವವರಿದ್ದರೆ, ಗೆರೆಯನ್ನು ಎಲ್ಲಿ ಎಳೆದಿದ್ದೀರಿ ಎಂದು ತಿಳಿಸುವಿರಾ?

ಉತ್ತರ 1 — ನಿವೃತ್ತ ಶಿರಸ್ತೇದಾರ, ತುಮಕೂರು

ಮಾನ್ಯರೇ, ಮೊದಲು ತಮ್ಮ ತಂದೆಯವರ ಕಡತಗಳ ವಿಷಯ ಹೇಳುತ್ತೇನೆ, ಏಕೆಂದರೆ ಅದು ಕಾಯುವ ಕೆಲಸವಲ್ಲ.

ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಆದರೂ ಆ ಕಾಲದ ಯಂತ್ರಗಳಲ್ಲಿ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುವ ವ್ಯವಸ್ಥೆ ಇಲ್ಲದ ಕಾರಣ, ರೋಮನ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿ ಎಷ್ಟೋ ವರ್ಷ ಕೆಲಸ ನಡೆಸಿದೆವು. ಕಣ್ಣಿಗೆ ಕನ್ನಡ, ಒಳಗೆ ರೋಮನ್. ಆದ್ದರಿಂದಲೇ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಹೊದಿಕೆ ಕಳಚಿ ಬೀಳುತ್ತದೆ, ಹುಡುಕಾಟವೂ ಅಕಾರಾದಿ ಜೋಡಣೆಯೂ ನಡೆಯುವುದಿಲ್ಲ. ತಾವು ಮೂಲ ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ತೆಗೆದಿರಿಸಿ, ಒಂದು ಪ್ರತಿಯಲ್ಲಿ ಮಾತ್ರ ಪರಿವರ್ತನೆ ನಡೆಸಬೇಕು. ಕನ್ನಡದ ಸ್ವಯಂಸೇವಕರು ಬರೆದು ಮುಕ್ತವಾಗಿ ಹಂಚಿರುವ ಪರಿವರ್ತಕಗಳಿವೆ. ಅವು ಎಡವುವ ಜಾಗ ಎರಡು. ಒಂದು, ಅರ್ಕಾವೊತ್ತು; ಆಕಾರದಲ್ಲಿ ಅದು ವ್ಯಂಜನದ ನಂತರ ಬಂದರೂ ಯೂನಿಕೋಡ್‌ನಲ್ಲಿ ರಕಾರ ಮೊದಲು ಕೂರಬೇಕಾದ್ದರಿಂದ "ಕಾರ್ಯ", "ಮಾರ್ಗ" ಮುಂತಾದ ಪದಗಳನ್ನು ಕಣ್ಣಿಟ್ಟು ನೋಡಬೇಕು. ಇನ್ನೊಂದು, ತಂದೆಯವರು ನಡುನಡುವೆ ಇಂಗ್ಲಿಷ್ ಪದಗಳನ್ನು ಬಳಸಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದೇ ಬಗೆದು ಅಪಭ್ರಂಶ ಮಾಡುತ್ತದೆ. ಅಂಥ ಭಾಗಗಳನ್ನು ಅಕ್ಷರಶೈಲಿಯ ಹೆಸರು ನೋಡಿ ಮೊದಲೇ ಗುರುತು ಮಾಡಿಕೊಳ್ಳಿ. ಮುಂದಿನ ಟೈಪಿಂಗಿಗೆ ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಮೂಲಕ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ವಿನ್ಯಾಸವೇ ದೊರೆಯುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ತಳಹದಿಯ ಮೇಲೆ ನಿಂತ ವಿನ್ಯಾಸವಾದ್ದರಿಂದ ನಮ್ಮಂಥ ಹಳಬರ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ.

ಈಗ ತಮ್ಮ ನಿಯಮದ ಮಾತು. ಭೂಮಿ ಯೋಜನೆ ಬರುವುದಕ್ಕೆ ಮುಂಚೆ ಪಹಣಿ ಬರೆಯುವ ಲೇಖನಿ ಗ್ರಾಮ ಲೆಕ್ಕಿಗರ ಕೈಯಲ್ಲಿತ್ತು. ರೈತ ಒಂದು ಪ್ರತಿಗಾಗಿ ಅವರು ಸಿಗುವವರೆಗೆ ಅಲೆಯಬೇಕಾಗಿತ್ತು. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಪ್ರತಿ ಕೊಡುವ ಏರ್ಪಾಡು ಆಯಿತು. ಕಿಟಕಿಯ ಈಚೆ ಕುಳಿತಿದ್ದ ನಾನು, ಒಬ್ಬ ಮುದುಕಿ ತನ್ನ ಹೆಸರಿನ ಪಹಣಿಯನ್ನು ಯಾರ ಕೈಕಾಲನ್ನೂ ಹಿಡಿಯದೆ ಪಡೆದು, ಅದನ್ನು ನಾಲ್ಕು ಮಡಿಕೆ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡದ್ದನ್ನು ನೋಡಿದ್ದೇನೆ. ಅದು ತಂತ್ರಜ್ಞಾನವೋ ರಾಜಕೀಯವೋ ಎಂದು ಬಿಡಿಸಿ ಹೇಳಲು ನನ್ನಿಂದ ಆಗದು.

ಉತ್ತರ 2 — ಧಾರವಾಡದ ಶಿಕ್ಷಕಿ

ನಿಮ್ಮ ಕೂಟದ ಎರಡನೆಯ ಕಟ್ಟಳೆಯ ಪರವಾಗಿ ಒಂದೆರಡು ಮಾತು ಹೇಳಬಯಸುತ್ತೇನೆ, ಸರ್. ನಮ್ಮಲ್ಲಿಯೂ ಇಂಥದೊಂದು ಬಳಗವಿತ್ತು. ಒಂದು ಚುನಾವಣೆಯ ಕಾಲದಲ್ಲಿ ಅದು ಎರಡು ಹೋಳಾಗಿ, ಇಂದಿಗೂ ಕೂಡಿಕೊಂಡಿಲ್ಲ. ಮಕ್ಕಳಿಗೆ ಬೆಸುಗೆ ಹಾಕುವುದನ್ನು ಕಲಿಸುತ್ತಿದ್ದ ಹಿರಿಯರೊಬ್ಬರು ಅಂದಿನಿಂದ ಯಾರ ಮನೆಗೂ ಬರುತ್ತಿಲ್ಲ. ತಪ್ಪು ಯಾರದೇ ಇರಲಿ, ನಷ್ಟವಾದದ್ದು ಆ ಮಕ್ಕಳಿಗೆ. ಆದ್ದರಿಂದ "ಎಲ್ಲವೂ ರಾಜಕೀಯವೇ" ಎಂಬ ವಾದವನ್ನು ಕೇಳಿದಾಗ ನನಗೆ ಅಂಜಿಕೆಯಾಗುತ್ತದೆ. ಆ ಮಾತು ನಿಜವಿದ್ದರೂ, ಜಗಳವಾಡಲು ಹವಣಿಸುವವರಿಗೆ ಅದು ಬಾಗಿಲು ತೆರೆದುಕೊಡುತ್ತದೆ.

ಬಳಗ ಒಡೆದ ಮೇಲೆ ಉಳಿದ ನಾವು ನಾಲ್ವರು ಒಂದು ಪದ್ಧತಿಯನ್ನು ಮಾಡಿಕೊಂಡೆವು. ಸರ್ಕಾರದ ಯಾವುದೇ ತೀರ್ಮಾನದ ಬಗ್ಗೆ ಮಾತನಾಡಬೇಕೆಂದರೆ ಆ ಆದೇಶದ ಅಥವಾ ನೀತಿಯ ಪ್ರತಿಯನ್ನು ಮೇಜಿನ ಮೇಲೆ ಇಟ್ಟು, ಓದಿ, ನಂತರ ಮಾತನಾಡಬೇಕು. ಪ್ರತಿ ಇಲ್ಲದಿದ್ದರೆ ಆ ವಿಷಯ ಆ ದಿನ ಇಲ್ಲ. ಹೀಗೆ ನಾವು ಓದಿದ ಮೊದಲ ಕಾಗದ, ಕೇಂದ್ರ ಸರ್ಕಾರವು 2015ರಲ್ಲಿ ಹೊರಡಿಸಿದ ಮುಕ್ತ ತಂತ್ರಾಂಶ (ಒಳಗಿನ ಬರಹವನ್ನು ಯಾರು ಬೇಕಾದರೂ ನೋಡಬಹುದಾದದ್ದು) ಅಳವಡಿಕೆಯ ನೀತಿ. ಸರ್ಕಾರಿ ಯೋಜನೆಗಳಿಗೆ ತಂತ್ರಾಂಶ ಕೇಳುವಾಗ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಇರಬೇಕು, ಅದನ್ನು ಕೈಬಿಡುವ ಪೂರೈಕೆದಾರರು ಏಕೆ ಕೈಬಿಟ್ಟೆವೆಂದು ಸಮರ್ಥನೆ ಕೊಡಬೇಕು ಎಂದು ಅದರಲ್ಲಿ ಬರೆದೇ ಇದೆ. ನಮ್ಮಲ್ಲಿ ಒಬ್ಬರೂ ಅದನ್ನು ಮೊದಲು ಓದಿರಲಿಲ್ಲ. ಎರಡು ಬೇರೆ ಪಕ್ಷಗಳಿಗೆ ಮತ ಹಾಕುವ ಇಬ್ಬರು ಅಂದು ಒಂದೇ ಸಾಲಿನ ಮೇಲೆ ಬೆರಳಿಟ್ಟು, ಹಾಗಾದರೆ ಇದು ಏಕೆ ನಡೆಯುತ್ತಿಲ್ಲ ಎಂದು ಕೇಳಿದರು.

ನಿಮ್ಮ ನೆರೆಮನೆಯ ಹುಡುಗಿಗೆ ಹೇಳಬೇಕಾದ ಉತ್ತರವೂ ಇದೆ. ಪಕ್ಕದ ಕೇರಳದಲ್ಲಿ 2001ರ ಸುಮಾರಿಗೆ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯಿಂದ ಬೆಳೆದು ಬಂದ ಕೈಟ್ ಸಂಸ್ಥೆಯು ಅಲ್ಲಿನ ಶಾಲೆಗಳಲ್ಲಿ ಲಿನಕ್ಸನ್ನೇ ನಡೆಸುತ್ತಿದೆ. ಅಲ್ಲಿ ಸರ್ಕಾರಗಳು ಬದಲಾದರೂ ಶಾಲೆಗಳು ಹಿಂದಕ್ಕೆ ಹೋಗಲಿಲ್ಲ. ಶಿಕ್ಷಕರಿಗೆ ಕೊಟ್ಟ ತರಬೇತಿಯೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ನಂಬಿಕೆ. ನಮ್ಮ ಶಾಲೆಯ ಪ್ರಯೋಗಾಲಯದ ಹತ್ತು ಯಂತ್ರಗಳಲ್ಲಿ ಆರು ಕೆಟ್ಟು ನಿಂತಿದ್ದು ತಂತ್ರಾಂಶದ ದೋಷದಿಂದಲ್ಲ, ಅವನ್ನು ಎಬ್ಬಿಸಬಲ್ಲವರು ಯಾರೂ ಇರಲಿಲ್ಲ ಎಂಬ ಕಾರಣದಿಂದ. ನಾನು ಕಲಿತುಕೊಂಡ ಮೇಲೆ ನಾಲ್ಕು ಎದ್ದವು.

ಉತ್ತರ 3 — ಮೂಡಿಗೆರೆ ಕಡೆಯ ಬೆಳೆಗಾರ

ನೀವೆಲ್ಲ ಕಾಫಿಯನ್ನು ಲೋಟದಿಂದ ನೋಡುತ್ತಿದ್ದೀರಿ. ನಾನು ಗಿಡದ ಬುಡದಿಂದ ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ನನ್ನದು ಸುಮಾರು ಒಂಬತ್ತು ಎಕರೆ, ಹೆಚ್ಚಿನ ಪಾಲು ರೊಬಸ್ಟಾ ಕಾಫಿ. ತೋಟದಲ್ಲಿ ಎರಡು ರಾಸ್ಪ್‌ಬೆರಿ ಪೈ ಇಟ್ಟಿದ್ದೇನೆ. ಒಂದು ಮಳೆಮಾಪಕಕ್ಕೆ, ಇನ್ನೊಂದು ಮಣ್ಣಿನ ತೇವಕ್ಕೆ. ರೊಬಸ್ಟಾಕ್ಕೆ ಫೆಬ್ರುವರಿ-ಮಾರ್ಚಿನಲ್ಲಿ ಹೂಮಳೆ ಬೇಕು. ಅದು ಬಾರದಿದ್ದರೆ ಸ್ಪ್ರಿಂಕ್ಲರ್ ಹೊಡೆಯಲೇಬೇಕು. ಮೊಗ್ಗು ಅರಳಲು ಸಾಲದಷ್ಟು ಹನಿ ಮಾತ್ರ ಬಿದ್ದು ನಿಂತುಹೋದರೆ ಮಳೆ ಬಾರದೇ ಇದ್ದದ್ದಕ್ಕಿಂತ ಹೆಚ್ಚಿನ ಕೇಡು. ಆದ್ದರಿಂದ ಎಷ್ಟು ಮಿಲಿಮೀಟರ್ ಬಿತ್ತು ಎಂಬ ಲೆಕ್ಕ ನನಗೆ ಹವ್ಯಾಸವೂ ಹೌದು, ವರ್ಷದ ಅನ್ನವೂ ಹೌದು. ಹೂ ಬಿಟ್ಟು ಎರಡು-ಮೂರು ವಾರಕ್ಕೆ ಮತ್ತೊಂದು ಹದ ಮಳೆ ಬೇಕು, ನಮ್ಮ ಕಡೆ ಅದನ್ನು ಬ್ಯಾಕಿಂಗ್ ಎನ್ನುತ್ತೇವೆ. ಈ ಯಂತ್ರಗಳನ್ನು ನಡೆಸುವ ಪ್ರೋಗ್ರಾಂ ನಾನೇ ಬರೆದದ್ದು, ಅಂಕಿಗಳು ನನ್ನ ಮನೆಯಲ್ಲೇ ಉಳಿಯುತ್ತವೆ.

ಇಷ್ಟರವರೆಗೆ ರಾಜಕೀಯವಿಲ್ಲ ಎನ್ನಬಹುದು. ಆದರೆ ಬೀಜ ಕಣದಿಂದ ಹೊರಟ ಗಳಿಗೆಯಿಂದ ಎಲ್ಲವೂ ಅದೇ. ನನ್ನ ತಂದೆಯ ಕಾಲದಲ್ಲಿ 1942ರ ಕಾಫಿ ಕಾಯ್ದೆಯಂತೆ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ (ಪೂಲಿಗೆ) ಕೊಟ್ಟು, ಕಂತು ಕಂತಾಗಿ ಬರುವ ಹಣಕ್ಕಾಗಿ ಕಾಯಬೇಕಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಆ ಕಟ್ಟು ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಬೀಜವನ್ನು ತಾನೇ ಮಾರುವಂತಾದ. ಈಗ ನಾನು ಬೆಳಿಗ್ಗೆ ಎದ್ದು ಮೊದಲು ನೋಡುವುದು ಲಂಡನ್ ಮಾರುಕಟ್ಟೆಯ ರೊಬಸ್ಟಾ ದರ. ವಿಯೆಟ್ನಾಮಿನಲ್ಲಿ ಬರ ಬಂದದ್ದೂ ಸೇರಿ 2024ರಲ್ಲಿ ಅದು ದಾಖಲೆಯ ಮಟ್ಟಕ್ಕೆ ಏರಿತು. ನಿಮ್ಮ ಅಂಗಡಿಯ ಪುಡಿ ತುಟ್ಟಿಯಾದದ್ದು ಅಲ್ಲಿಂದ.

ಇದೆಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿರುವುದು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಹಾಗೆ ಬೆಳೆದದ್ದಲ್ಲ ಎಂದು ತೋರಿಸಲು ಪ್ರತಿ ತೋಟದ ಅಕ್ಷಾಂಶ-ರೇಖಾಂಶ ಕೊಡಬೇಕು, 4 ಹೆಕ್ಟೇರ್ ಮೀರಿದರೆ ಸುತ್ತಳತೆಯ ಗಡಿಯನ್ನೇ ಗುರುತಿಸಿ ಕೊಡಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆಯಾದರೂ ನಮ್ಮ ಕಾಫಿಯ ದೊಡ್ಡ ಗಿರಾಕಿಗಳು ಇಟಲಿ, ಜರ್ಮನಿಗಳೇ ಆದ್ದರಿಂದ ತಯಾರಿ ತಪ್ಪಿದ್ದಲ್ಲ. ನಮ್ಮ ಮಲೆನಾಡಿನ ತೋಟಗಳು ಬಹುಪಾಲು ಮರಗಳ ನೆರಳಿನಲ್ಲೇ ಇವೆ. ಉಪಗ್ರಹದ ಚಿತ್ರ ನೋಡಿ ಇದು ಕಾಡೋ ತೋಟವೋ ಎಂದು ತೀರ್ಮಾನಿಸುವ ತಂತ್ರಾಂಶಕ್ಕೆ, ಸಿಲ್ವರ್ ಓಕ್, ಅತ್ತಿ, ಹಲಸಿನ ಕೆಳಗಿರುವ ನನ್ನ ಗಿಡಗಳು ಹೇಗೆ ಕಾಣುತ್ತವೆ? ನಾನೊಂದು ಮುದಿ ನೆರಳುಮರ ತೆಗೆದರೆ ಅದು ಅರಣ್ಯನಾಶವೆಂದು ದಾಖಲಾದರೆ ಯಾರ ಬಳಿ ಹೋಗಿ ಹೇಳಲಿ? ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಮಾಡುವ ಕ್ರಮವನ್ನು ಬೆಳೆಗಾರನಿಗೂ ತೋರಿಸಬೇಕು.

ನಿಮ್ಮ ಕೂಟಕ್ಕೆ ನಾನು ಬಂದು ಈ ಮಾತು ಎತ್ತಿದರೆ, ನಿಯಮದ ಪ್ರಕಾರ ನನ್ನನ್ನು ಸುಮ್ಮನಿರಿಸುತ್ತೀರಾ?

ಉತ್ತರ 4 — ಮ್ಯೂನಿಕ್‌ನಿಂದ ಒಬ್ಬ ಕನ್ನಡಿಗ

ಧಾರವಾಡದ ಮೇಡಂ ಹೇಳಿದ ತರಬೇತಿಯ ಮಾತಿಗೆ ನಾನಿರುವ ಊರು ಒಳ್ಳೆಯ ಸಾಕ್ಷಿ. ಮ್ಯೂನಿಕ್ ನಗರಾಡಳಿತವು 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿ, ಲಿಮುಕ್ಸ್ ಎಂಬ ಹೆಸರಿನಲ್ಲಿ ಸುಮಾರು ಹತ್ತು ವರ್ಷ ಶ್ರಮಿಸಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಬದಲಾಯಿಸಿತು. ನಂತರ ಮೇಯರ್ ಬದಲಾದರು, ನಗರಸಭೆಯ ಲೆಕ್ಕಾಚಾರವೂ ಬದಲಾಯಿತು. 2017ರಲ್ಲಿ ಮರಳಿ ವಿಂಡೋಸ್‌ಗೆ ಹೋಗಲು ಬಹುಮತದ ತೀರ್ಮಾನವಾಯಿತು. ಇದೇ ದೇಶದ ಉತ್ತರದಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಸರ್ಕಾರಿ ಕಂಪ್ಯೂಟರುಗಳಲ್ಲಿ ಲಿಬ್ರೆ ಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶ ತರಲು ನಿರ್ಧರಿಸಿತು. ತಂತ್ರಾಂಶವನ್ನು ಗೆಲ್ಲಿಸಿದ್ದೂ ಸೋಲಿಸಿದ್ದೂ ಸಭೆಯಲ್ಲಿ ಎತ್ತಿದ ಕೈಗಳು. ಇಂಥ ಸಭೆಗಳಲ್ಲಿ ತಂತ್ರಜ್ಞಾನ ಬಲ್ಲವರು ಬಾಯಿ ಮುಚ್ಚಿಕೊಂಡಿದ್ದರೆ, ಅರಿಯದವರು ಕೈ ಎತ್ತುತ್ತಾರೆ.

ಬೆಳೆಗಾರರೇ, ನಿಮ್ಮ ಕಡೆಯ ಬೀಜ ಇಲ್ಲಿನ ಮಿಶ್ರಣಗಳಲ್ಲಿ ಸೇರಿರುತ್ತದೆಯಾದರೂ ಪೊಟ್ಟಣದ ಮೇಲೆ ಅದರ ಊರಿನ ಹೆಸರು ಹೆಚ್ಚಾಗಿ ಇರುವುದಿಲ್ಲ ಎಂಬುದು ನನಗೆ ಪ್ರತಿ ಸಲ ಅಂಗಡಿಗೆ ಹೋದಾಗಲೂ ನೋವಿನ ಸಂಗತಿ. ನಾನು ಊರಿನಿಂದ ತಂದ ಫಿಲ್ಟರಿನಲ್ಲೇ ಇಳಿಸಿಕೊಳ್ಳುತ್ತೇನೆ. ಇಲ್ಲಿನ ಪುಡಿ ದಪ್ಪಗಿರುವುದರಿಂದ ನೀರು ಬೇಗ ಇಳಿದುಹೋಗಿ ಡಿಕಾಕ್ಷನ್ ತೆಳ್ಳಗಾಗುತ್ತದೆ, ಬೀಜ ತಂದು ನಾನೇ ಬೀಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರ ಮರು ಉತ್ತರ — ಮೈಸೂರಿನ ಹವ್ಯಾಸಿ

ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಈ ಉತ್ತರಗಳನ್ನು ಮುದ್ರಿಸಿಕೊಂಡು ಹೋಗಿ ಕಳೆದ ಭಾನುವಾರ ಕೂಟದಲ್ಲಿ ಓದಿದೆ. ಮೂಡಿಗೆರೆಯವರ ಮಾತು ಓದುವಾಗ, "ಇದು ರಾಜಕೀಯ, ನಿಲ್ಲಿಸಿ" ಎಂದಿದ್ದ ಗೆಳೆಯರೇ, "ಮುಂದೆ ಓದಿ" ಎಂದರು.

ನಮ್ಮ ಕೂಟದ ಅತ್ಯಂತ ಹಿರಿಯರು ಆ ದಿನ ನೆನಪಿಸಿದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಅದರಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಅವರು ಯಾವ ಪಕ್ಷದ ಬಾವುಟವನ್ನೂ ಹಿಡಿಯದೆ, ಕಂಪ್ಯೂಟರಿನಲ್ಲಿ ಕೂಡಿಡುವ ಮಾಹಿತಿಯ ಬಗ್ಗೆ ಕಾಗದ ಹಿಡಿದು ಮಾತನಾಡಿದವರು ಎಂದು ನಮ್ಮ ಹಿರಿಯರು ಹೇಳಿದರು. ಧಾರವಾಡದ ಪದ್ಧತಿಯನ್ನು ನಾವೂ ಒಪ್ಪಿಕೊಂಡದ್ದು ಆ ಮಾತಿನ ಮೇಲೆಯೇ. ಇನ್ನು ಮುಂದೆ ಆದೇಶದ ಪ್ರತಿ ಮೇಜಿನ ಮೇಲಿದ್ದರೆ ಆ ವಿಷಯದ ಚರ್ಚೆಗೆ ಅವಕಾಶವುಂಟು. ಪಕ್ಷಗಳ, ನಾಯಕರ ಮಾತು ಬೇಡ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಅಂದು ಎದ್ದು ಹೋದವರ ಮನೆಗೆ ನಾನೂ ಇನ್ನೊಬ್ಬರೂ ಹೋಗಿ ಕರೆದು ಬಂದಿದ್ದೇವೆ. ಬರುತ್ತೇನೆಂದು ಇನ್ನೂ ಬಾಯಿಬಿಟ್ಟು ಹೇಳಿಲ್ಲ.

ಶಿರಸ್ತೇದಾರರು ಹೇಳಿದಂತೆ ತಂದೆಯವರ ಮೊದಲ ಕಡತವನ್ನು ಪರಿವರ್ತಿಸಿ ನೋಡಿದೆ. ಅರ್ಕಾವೊತ್ತುಗಳು ಅವರು ಎಚ್ಚರಿಸಿದ ಜಾಗದಲ್ಲೇ ಕೆಟ್ಟಿದ್ದವು. ಅವನ್ನು ತಿದ್ದುತ್ತಾ ಹನ್ನೊಂದನೆಯ ಪುಟಕ್ಕೆ ಬಂದಾಗ, ನಮ್ಮೂರ ಕೆರೆಯ ತೂಬನ್ನು ಕಟ್ಟಿದವರ ಬಗ್ಗೆ ತಂದೆಯವರು ಬರೆದಿದ್ದ ಸಾಲು ಪೂರ್ತಿಯಾಗಿ ಕನ್ನಡದಲ್ಲಿ ಕಂಡಿತು. ಇನ್ನೂ ಮುನ್ನೂರಕ್ಕೂ ಹೆಚ್ಚು ಪುಟಗಳಿವೆ. ನೆರೆಮನೆಯ ಹುಡುಗಿ ತನ್ನ ಲ್ಯಾಪ್‌ಟಾಪ್‌ನಲ್ಲಿ ಕೆಜಿಪಿ ಕೀಲಿಮಣೆ ಹಾಕಿಸಿಕೊಂಡಿದ್ದಾಳೆ. ಮುಂದಿನ ಭಾನುವಾರದಿಂದ ತಿದ್ದುವ ಕೆಲಸಕ್ಕೆ ಅವಳೂ ಕೂರುತ್ತಾಳೆ.